ನಾಲ್ಕು ಅಂಕದ ಹಸು

ಬಿ.ಎಸ್ಸಿ. ಎರಡನೇ ವರ್ಷದ ಕಿರುಪರೀಕ್ಷೆಯಲ್ಲಿ ಪ್ರಾಣಿಶಾಸ್ತ್ರದ ಸರ್ ಹತ್ತು ಅಂಕಕ್ಕೆ ಒಂದೇ ಪ್ರಶ್ನೆ ಕೇಳಿದ್ದರು: ಹಸುವನ್ನೂ ಅರೀಲಿಯಾ ಎಂಬ ಜೆಲ್ಲಿ ಫಿಶ್ಶನ್ನೂ ಹೋಲಿಸಿ.

ನಾನೋ ಶಿರಸಿ ಕಡೆಯವನು, ಬೆಳಿಗ್ಗೆ ಅಕ್ಕಚ್ಚು ಕೊಟ್ಟು, ಹಾಲು ಕರೆದು ಬಸ್ಸು ಹಿಡಿಯುತ್ತಿದ್ದವನು. ಹಸುವಿಗೆ ಎರಡು ಪುಟ ಸಲೀಸಾಗಿ ತುಂಬಿತು. ಹೊಟ್ಟೆಗೆ ನಾಲ್ಕು ಕೋಣೆ, ಹೃದಯಕ್ಕೆ ನಾಲ್ಕು ಕೋಣೆ, ಕುತ್ತಿಗೆಯಲ್ಲಿ ಏಳು ಮೂಳೆ (ಜಿರಾಫೆಗೂ ಏಳೇ, ಇಲಿಗೂ ಏಳೇ ಎಂದು ಗತ್ತಿನಿಂದ ಸೇರಿಸಿದ್ದೆ). ಜೆಲ್ಲಿ ಫಿಶ್ಶಿಗೆ ಬಂದಾಗ ಐದೇ ಸಾಲು: ಮಿದುಳಿಲ್ಲ, ಹೃದಯವಿಲ್ಲ, ರಕ್ತವಿಲ್ಲ, ಮೂಳೆಯಿಲ್ಲ, ಗುದದ್ವಾರವೂ ಇಲ್ಲ. ನಾಲ್ಕು ಅಂಕ ಬಂತು. ಅಂಚಿನಲ್ಲಿ ಕೆಂಪು ಶಾಯಿ: "ಇಲ್ಲದ್ದೆಲ್ಲ ಬರೆದೆ. ಇರುವುದು ಎಲ್ಲಿ?"

ಜಗಳಕ್ಕೆಂದೇ ಲ್ಯಾಬಿಗೆ ಹೋದೆ. ಸರ್ ಫಾರ್ಮಲಿನ್ ಜಾಡಿಯನ್ನು ಬೆಳಕಿಗೆ ಹಿಡಿದರು. ಬಿಳಿ ಕೊಡೆಯ ನಡುವೆ ನಾಲ್ಕು ಲಾಳದ ಗುರುತು. ಹೊಟ್ಟೆಯೇನೋ ಅಂದುಕೊಂಡಿದ್ದೆ, ಅವು ಜನನಾಂಗಗಳಂತೆ. ಅಂಚಿನಲ್ಲಿ ಬೆಳಕನ್ನೂ ವಾಲಿಕೆಯನ್ನೂ ಅರಿಯುವ ಎಂಟು ಪುಟ್ಟ ಅಂಗಗಳು. ಮಿದುಳಿಲ್ಲದಿದ್ದರೂ ಮೈತುಂಬ ನರಗಳ ಬಲೆ.

"ಹಸುವಿಗೆ ಹೃದಯ ಯಾಕೆ ಬೇಕು?" ಎಂದರು. ನಾನು ಸುಮ್ಮನೆ ನಿಂತೆ.

"ಗೊರಸಿನ ಹತ್ತಿರದ ಜೀವಕೋಶಕ್ಕೆ ಶ್ವಾಸಕೋಶ ಎಷ್ಟು ದೂರ! ಆಮ್ಲಜನಕ ಹೊರಲು ರಕ್ತ ಬೇಕು, ರಕ್ತ ದೂಡಲು ಹೃದಯ ಬೇಕು. ಇದಕ್ಕೆ ಹೊರಗೊಂದು ತೆಳು ಪದರ, ಒಳಗೊಂದು, ನಡುವೆ ಲೋಳೆ. ಎಲ್ಲ ಕೋಶವೂ ನೀರಿನ ಮಗ್ಗುಲಲ್ಲೇ. ಹೃದಯ ಇಟ್ಟುಕೊಂಡು ಏನು ಮಾಡುತ್ತೆ?"

ನನಗೆ ಹೆಚ್ಚು ಹಿಡಿಸಿದ್ದು ಹೆರಿಗೆಯ ಕಥೆ. ನಮ್ಮ ಕೊಟ್ಟಿಗೆಯಲ್ಲಿ ಆಗ ಒಂದು ಹಸು ಗಬ್ಬವಾಗಿತ್ತು. ಸುಮಾರು 280 ದಿನ ಹೊತ್ತು ಒಂದು ಕರು. ಅರೀಲಿಯಾದ ಮರಿ ಮೊದಲು ಕಲ್ಲಿಗೆ ಅಂಟಿ ಬೆಳೆಯುತ್ತದೆ. ಆಮೇಲೆ ಅದರ ಮೈಯೇ ಒಂದರ ಮೇಲೊಂದು ಇಟ್ಟ ತಟ್ಟೆಗಳ ಹಾಗೆ ಸೀಳಿಕೊಂಡು, ಒಂದೊಂದು ತಟ್ಟೆಯೂ ಬೇರೆ ಬೇರೆ ಜೆಲ್ಲಿ ಫಿಶ್ಶಾಗಿ ಈಜಿ ಹೋಗುತ್ತದೆ. ರಾತ್ರಿಯಿಡೀ ಲಾಟೀನು ಹಿಡಿದು ಕಾಯುವ ಕೆಲಸವಿಲ್ಲ.

ಆ ವರ್ಷವೇ ಕಾರವಾರಕ್ಕೆ ಪ್ರವಾಸ. ಮರಳಿನ ಮೇಲೆ ಬೇರಾವುದೋ ಜಾತಿಯ ಜೆಲ್ಲಿ ಫಿಶ್ ಬಿದ್ದಿತ್ತು. ಸತ್ತದ್ದಲ್ಲವೇ, ಮೈಯೆಲ್ಲ ನೀರೇ ಅಲ್ಲವೇ ಎಂದು ಬೆರಳು ಹಾಕಿದೆ. ಸತ್ತ ಮೇಲೂ ಕುಟುಕುವ ಕೋಶಗಳಿರುತ್ತವೆ ಎಂಬ ಪಾಠದ ದಿನ ನಾನು ಗೈರುಹಾಜರಾಗಿದ್ದೆನೋ ಏನೋ. ಕೈ ಉರಿದು ಕೆಂಪಾಯಿತು. ಸರ್ ಬೈಯಲಿಲ್ಲ. "ಈಗ ಬರೆ, ಇರುವುದು ಎಲ್ಲಿ ಅಂತ" ಎಂದರು.

ಮರುದಿನ ಹಾಲು ಕರೆಯಲಾಗಲಿಲ್ಲ. ಬೆರಳು ನೋಡಿ ಆಯಿ ಕೇಳಿದಳು, "ಎಂತ ಕಚ್ಚಿತು?"

"ಹಲ್ಲೇ ಇಲ್ಲದ್ದು" ಎಂದೆ.