ಎಡಗಣ್ಣಿಗಷ್ಟ ಯಾಕ ಘಾಟು?

ಬ್ಯಾಡಗಿಯೊಳಗ ಕಣ್ಣಾಗ ನೀರ ಬರ್ತಾವ ಅಂದ್ರ ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ. ಜನವರಿ ಬಂದು ಮೆಣಸಿನಕಾಯಿ ಮಾರ್ಕೆಟ್ ಜೋರಾತು ಅಂದ್ರ ಊರಿಗೆ ಊರ ಸೀನತೈತಿ, ಅದ್ರಾಗ ನಮ್ಮಪ್ಪ ದಲಾಲಿ ಅಂಗಡ್ಯಾಗ ಲೆಕ್ಕ ಬರಿಯಾಂವ, ಅವನ ಅಂಗಿಯೊಳಗೂ ಘಾಟು. ಹಿಂಗಾಗಿ ನನ್ನ ಎಡಗಣ್ಣ ಸೋರೂದನ್ನ ಎಲ್ಲಾರೂ ಮೆಣಸಿನಕಾಯಿ ಲೆಕ್ಕಕ್ಕ ಬರದ ಬಿಟ್ಟಿದ್ರು. ಮಳಿಗಾಲದಾಗೂ ಸೋರತೈತಲ್ರಿ, ಅದೂ ಒಂದ ಕಣ್ಣು, ಘಾಟೇನು ಎಡಗಣ್ಣ ಆರಿಸ್ಕೊಂಡ ಬರತೈತೇನು?

ಡಿಗ್ರಿ ಮುಗಿಯೂದ್ರಾಗ ಬೆಳಿಗ್ಗೆ ರೆಪ್ಪಿ ಅಂಟ್ಕೊಳ್ಳಾಕ ಹತ್ತಿದ್ವು. ಆಮ್ಯಾಲೆ ಮೂಗಿನ ಬಾಜೂಕ ಕಡ್ಲಿಕಾಳಿನಷ್ಟ ಬಾವು ಬಂತು, ಒತ್ತಿದ್ರ ಕಣ್ಣಿನ ಮೂಲಿಗೆ ಕೀವು. ಮೆಡಿಕಲ್ ಶಾಪಿನ ಡ್ರಾಪ್ಸು ಹಾಕಿದಾಗಷ್ಟ ಕಡಿಮಿ, ಮತ್ತ ಅದ ಹಾಡು. ಕಡೀಕ ಅವ್ವ ರೈಲ ಹತ್ತಿಸಿ ಹುಬ್ಬಳ್ಳಿಗೆ ಕರ್ಕೊಂಡ ಹ್ವಾದ್ಲು.

ಅಲ್ಲೆ ಡಾಕ್ಟರ್ ಮೇಡಮ್ಮು ಕೆಳಗಿನ ರೆಪ್ಪಿ ಅಂಚಿನ ಸಣ್ಣ ತೂತಿನ್ಯಾಗ ಮೊಂಡ ಸೂಜಿ ಇಟ್ಟು ಉಪ್ಪುನೀರ ಬಿಟ್ಟು, "ಗಂಟಲಕ್ಕ ಬಂತೇನವಾ?" ಅಂತ ಕೇಳಿದ್ರು. ಹನಿನೂ ಬರಲಿಲ್ಲ, ಮ್ಯಾಲಿನ ರೆಪ್ಪಿ ತೂತಿನಿಂದ ವಾಪಸ್ ಬಂದು ಗಲ್ಲದ ಮ್ಯಾಲೆ ಹರೀತು. ಕಣ್ಣೀರು ಮೂಗಿನೊಳಗ ಇಳಿಯೂ ನಾಳ ಪೂರ್ತಿ ಬಂದ್ ಆಗೈತಿ, ನೀರು ಕಣ್ಣೀರಿನ ಚೀಲದಾಗ ನಿಂತು ಕೀವಾಗತೈತಿ ಅಂದ್ರು. ನನ್ನ ಮುಂದ ಒಬ್ಬಾಕಿ ಕೈಗೂಸಿಗೂ ಇದ ತ್ರಾಸ ಇತ್ತು, ಆ ಕೂಸಿಗೆ ಆಪರೇಷನ್ನ ಬ್ಯಾಡ ಅಂದ್ರು. ಹುಟ್ಟಾ ನಾಳದ ತುದಿಗೆ ತೆಳು ಪರದೆ ಉಳದಿರತೈತಂತ, ಕಣ್ಣಿನ ಮೂಲಿಯಿಂದ ಮೂಗಿನಗುಂಟ ಬೆರಳಿಲೆ ಕೆಳಗ ಒತ್ತಿ ಮಸಾಜ್ ಮಾಡಿದ್ರ ವರ್ಷದೊಳಗ ಬಾಳ ಮಕ್ಕಳಿಗೆ ತಾನಾ ಬಿಚ್ಚತೈತಿ, ಇಲ್ಲಂದ್ರ ಸಣ್ಣ ತಂತಿ ಹಾಯಿಸಿ ಬಿಡಸ್ತಾರ. ನನಗ್ಯಾಕ ತಂತಿ ಸಾಲಂಗಿಲ್ಲ ಅಂತ ಕೇಳಿದೆ. ದೊಡ್ಡವರಿಗೆ ನಾಳ ಒಳಗ ಗಟ್ಟಿಯಾಗಿ ಮುಚ್ಚಿರತೈತಿ, ಬಿಡಸಿದ್ರೂ ಮತ್ತ ಕೂಡತೈತಿ, ಹಿಂಗಾಗಿ ಡಿಸಿಆರ್ ಅನ್ನೂ ಆಪರೇಷನ್, ಅಂದ್ರ ಚೀಲಕ್ಕೂ ಮೂಗಿಗೂ ನಡುವಿನ ಎಲುಬಿಗೆ ಕಿಂಡಿ ಕೊರದು ಚೀಲಾನ ಸೀದಾ ಮೂಗಿನೊಳಗ ಬಿಚ್ಚೂದು.

ಹೊರಗಿಂದ ಕೊಯ್ದು ಮಾಡೂದು 1904ರಿಂದ ಐತಿ, ಮೂಗಿನ ಬಾಜೂಕ ಸಣ್ಣ ಗಾಯ. ಇನ್ನೊಂದು ಎಂಡೋಸ್ಕೋಪ್ ಅನ್ನೂ ಸಣ್ಣ ಕ್ಯಾಮೆರಾ ಕೊಳವಿ ಹಾಕಿ ಮೂಗಿನೊಳಗಿಂದ, ಹೊರಗ ಕಲಿ ಇಲ್ಲ. ಗಾಯ ಅನ್ನೂದ ತಡ ನಮ್ಮ ಮಂದಿ ಎಚ್ಚರಾದ್ರು ನೋಡ್ರಿ! ಸೋದರತ್ತಿ ಫೋನ್ ಮಾಡಿ, "ಮಾರಿ ಮ್ಯಾಲೆ ಕಲಿ ಬಿದ್ರ ನಾಳೆ ವರ ಹೆಂಗ ಒಪ್ಪತಾನ ಯವ್ವಾ" ಅಂದ್ಲು. ಇಷ್ಟ ವರ್ಷ ಸುರಿಯೂ ಕೀವು ಯಾರಿಗೂ ಕಂಡಿದ್ದಿಲ್ಲ, ಇನ್ನೂ ಆಗದ ಗಾಯ ಎಲ್ಲಾರಿಗೂ ಕಂಡಬಿಡ್ತು. ನನಗೇನ ಕಲಿ ಚಿಂತಿ ಇರಲಿಲ್ಲ. ಆದ್ರ ಎರಡರದ್ದೂ ಫಲಾ ಹೆಚ್ಚು ಕಡಿಮಿ ಒಂದ ಅಂತ ಮೇಡಮ್ಮು ಹೇಳಿದ್ಮ್ಯಾಲೆ ಒಳಗಿಂದನ ಮಾಡ್ಸೋಣ ಅಂದೆ, ಅತ್ತಿ ತಾನ ಗೆದ್ದೆ ಅಂತ ತಿಳ್ಕೊಂಡ್ಲು, ತಿಳ್ಕೊಳ್ಳಿ ಬಿಡ್ರಿ.

ಮೊದಲ ಗುಳಗಿ ನುಂಗಿ ಬಾವು ಇಳಿಸ್ಕೊಂಡು ಆಮ್ಯಾಲೆ ಆಪರೇಷನ್. ಅರಿವಳಿಕಿ ಕೊಟ್ಟದ್ದಷ್ಟ ಗೊತ್ತು. ಎಚ್ಚರಾದಾಗ ಮೂಗಿನ ತುಂಬ ಬಟ್ಟಿ ತುರುಕಿದ್ರು, ಬಾಯಿಲೆ ಉಸಿರಾಡಿ ಗಂಟಲ ಒಣಗಿ ಕಟ್ಟಿಗಿ ಆಗಿತ್ತು, ಉಗುಳಿನ್ಯಾಗ ರಕ್ತ ನೋಡಿ ಅವ್ವ ಅಳಾಕ ಹತ್ತಿದ್ಲು, ನಾನ ಸಮಾಧಾನ ಮಾಡಿದೆ. ನೋವು ಅಂಜಿದಷ್ಟ ಇರಲಿಲ್ಲ, ಆ ಬಟ್ಟಿ ತಗಿಯೂದ ಜೀವಾ ತಿಂತು. ದಾರಿ ಕೂಡಬಾರದು ಅಂತ ಸಿಲಿಕಾನ್ ಕೊಳವಿ ಹಾಕಿದ್ರು, ಕಣ್ಣಿನ ಮೂಲ್ಯಾಗ ದಾರದಂಗ ಕಾಣತಿತ್ತು. ಮೂಗು ಜೋರ ಸೀಟಬಾರದು, ಸೀನು ಬಂದ್ರ ಬಾಯಿ ತಗದ ಸೀನಬೇಕು ಅಂದ್ರು. ಸೀಜನ್‌ನ್ಯಾಗ ಬ್ಯಾಡಗಿಗೆ ಹೋಗಿ ಸೀನಬ್ಯಾಡಂದ್ರ ಹೆಂಗ್ರಿ? ಅದಕ್ಕ ಹುಬ್ಬಳ್ಳಿಯೊಳಗ ಚಿಕ್ಕವ್ವನ ಮನ್ಯಾಗ ಉಳ್ಕೊಂಡೆ.

ಕೊಳವಿ ತಗದಾಗ ಮತ್ತ ಉಪ್ಪುನೀರ ಬಿಟ್ರು, ಗಂಟಲಕ್ಕ ಸಳ್ ಅಂತ ಇಳೀತು, ಕೆಮ್ಮಿದೆ. ಈಗ ಕಣ್ಣು ಸೋರಂಗಿಲ್ಲ. ಆದ್ರ ಮೂಗು ಸೀಟಿದ್ರ ಕಣ್ಣಿನ ಮೂಲಿಯಿಂದ ಭುಸ್ ಅಂತ ಗಾಳಿ ಬರತೈತಿ! ಗಾಬರಿಯಾಗಿ ಕೇಳಿದ್ರ, ಹೊಸ ದಾರಿ ಬಿಚ್ಚೇತಿ ಅಂತ ಅದರರ್ಥ ಅಂದ್ರು ಮೇಡಮ್ಮು. ಚಿಕ್ಕವ್ವನ ಹುಡುಗರು ದಿನಾ "ಅಕ್ಕಾ, ಇನ್ನೊಮ್ಮೆ ತೋರ್ಸು" ಅಂತ ಬೆನ್ನ ಹತ್ತಿದ್ವು. ಅತ್ತಿಗೂ ತೋರಿಸಿದೆ. ಆಕಿ ಸೆರಗ ಬಾಯಿಗಿಟ್ಕೊಂಡು, "ವರ ನೋಡಾಕ ಬಂದಾಗ ಮಾತ್ರ ನೆಗಡಿ ಮಾಡ್ಕೋಬ್ಯಾಡವಾ" ಅಂದ್ಲು.