40 ಗಜದ ಓಟ ನೋಡಿದರೆ ಸಾಕಾ?

ಎನ್‌ಎಫ್‌ಎಲ್ ಡ್ರಾಫ್ಟ್ (ಅಮೆರಿಕನ್ ಫುಟ್‌ಬಾಲ್ ಲೀಗ್‌ನ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಹತ್ತಿರ ಬಂದಾಗ ನಾನು ಜಾಸ್ತಿ ಹುಡುಕಿ ನೋಡುವುದು ಕಾಲೇಜು ಸೇಫ್ಟಿಗಳ ಆಟ. ಚೆಂಡು ಹಿಡಿದು ಉಳಿದವರನ್ನೆಲ್ಲ ದಾಟಿ ಬಂದ ಎದುರಾಳಿಯನ್ನು ಕೊನೆಗೆ ತಡೆಯಬೇಕಾದವನು ಸೇಫ್ಟಿ. ಅವನು ತಪ್ಪಿದರೆ ಟಚ್‌ಡೌನ್, ಅಂದರೆ ಎದುರಾಳಿಗೆ ಅಂಕ, ಅಷ್ಟೇ.

2022ರಲ್ಲಿ ಡ್ರಾಫ್ಟ್‌ಗೆ ಮುಂಚಿನ ಓಟದ ಪರೀಕ್ಷೆಯಲ್ಲಿ ನೋಟರ್ ಡೇಮ್ ಕಾಲೇಜಿನ ಸೇಫ್ಟಿ ಕೈಲ್ ಹ್ಯಾಮಿಲ್ಟನ್ 40 ಗಜ ಓಡಲು 4.59 ಸೆಕೆಂಡ್ ತೆಗೆದುಕೊಂಡ. ನಿಧಾನ ಅಂತ ಮಾತು ಶುರುವಾಯಿತು. ಆದರೆ 2021ರಲ್ಲಿ ಫ್ಲೋರಿಡಾ ಸ್ಟೇಟ್ ಕಾಲೇಜು ತಂಡದ ವಿರುದ್ಧ ಅವನು ಆಡಿದ್ದನ್ನು ನೋಡಿ. ಉದ್ದನೆಯ ಎಸೆತಕ್ಕೆ ಮೈದಾನದ ಅಡ್ಡಕ್ಕೆ ಓಡಿ ಬಂದು, ಅಂಚಿನ ಗೆರೆಯ ಹತ್ತಿರ ಚೆಂಡು ಕಿತ್ತುಕೊಂಡ. ಅಷ್ಟು ದೂರ ಮುಟ್ಟಿದ್ದು ಬರೀ ಕಾಲಿನ ವೇಗದಿಂದಲ್ಲ. ಚೆಂಡು ಎಲ್ಲಿಗೆ ಬೀಳುತ್ತದೆ ಅಂತ ಮೊದಲೇ ಗೊತ್ತಾಗಬೇಕು, ಮೊದಲ ಹೆಜ್ಜೆ ಸರಿಯಾದ ಕಡೆ ಬೀಳಬೇಕು. ಸ್ಟಾಪ್‌ವಾಚ್‌ಗೆ ಅದು ಸಿಗುವುದಿಲ್ಲ ಅಲ್ವಾ?

ಡ್ರಾಫ್ಟ್‌ನಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡಕ್ಕೆ ಅವನು 14ನೇ ಆಯ್ಕೆಯಲ್ಲಿ ಸಿಕ್ಕ. 6 ಅಡಿ 4 ಇಂಚಿನ ಆ ಹುಡುಗ 2023ರಲ್ಲಿ ಆಲ್-ಪ್ರೋ (ಲೀಗ್‌ನ ಆ ವರ್ಷದ ಶ್ರೇಷ್ಠ ಆಟಗಾರರ ಪಟ್ಟಿ) ಮೊದಲ ತಂಡ ಸೇರಿದ. ನನಗೆ ತುಂಬಾ ಖುಷಿಯಾಗಿತ್ತು.

ಹಾಗಂತ ವೇಗ ಬೇಡ ಅನ್ನುತ್ತಿಲ್ಲ. ಹಿಂದೆ ಒಬ್ಬನೇ ನಿಂತು ಇಡೀ ಮೈದಾನ ಕಾಯುವವನಿಗೆ ಅದು ಬೇಕೇ ಬೇಕು. ಆದರೆ ಓಟದ ಅಂಕಿ ನೋಡುವ ಮೊದಲು ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಕೆಡವುವುದನ್ನು ನೋಡಿ ಅಂತೀನಿ. ಓಡಿ ಬರುವವನಿಗೆ ಯಾವ ಕೋನದಲ್ಲಿ ಅಡ್ಡ ಹೋಗುತ್ತಾನೆ, ಕೊನೆಯ ಎರಡು ಹೆಜ್ಜೆಯಲ್ಲಿ ಮೈ ಹಿಡಿತಕ್ಕೆ ತಂದುಕೊಳ್ಳುತ್ತಾನಾ, ಇಲ್ಲಾ ಸುಮ್ನೆ ಮೈಮೇಲೆ ಎಗರುತ್ತಾನಾ? 2025ರಲ್ಲಿ ರೇವನ್ಸ್ 27ನೇ ಆಯ್ಕೆಯಲ್ಲಿ ಜಾರ್ಜಿಯಾ ಕಾಲೇಜು ತಂಡದ ಸೇಫ್ಟಿ ಮಲಕಿ ಸ್ಟಾರ್ಕ್ಸ್‌ನನ್ನು ತೆಗೆದುಕೊಂಡಾಗಲೂ ನಾನು ಮೊದಲು ಹುಡುಕಿದ್ದು ಅದನ್ನೇ.