ಇಷ್ಟು ನಷ್ಟವಾಗಿದ್ದರೆ ಬ್ರಿಟನ್ ಮತ್ತೆ ಯಾಕೆ ಸೇರಿಕೊಳ್ಳುತ್ತಿಲ್ಲ?

ಹೊರದೇಶಗಳ ರಾಜಕೀಯದ ಬಗ್ಗೆ ಆಗೀಗ ಬರೆಯುತ್ತೇನೆಂಬ ಕಾರಣಕ್ಕೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರಿಂದ ಹಿಡಿದು ಮಗನನ್ನು ಇಂಗ್ಲೆಂಡಿಗೆ ಓದಲು ಕಳಿಸಬೇಕೆಂದಿರುವ ನೆಂಟರವರೆಗೆ ಎಲ್ಲರೂ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: "ಐರೋಪ್ಯ ಒಕ್ಕೂಟ ಬಿಟ್ಟು ಬ್ರಿಟನ್ ಕೆಟ್ಟಿತು ಅಂತೀರಲ್ಲ, ಹಾಗಿದ್ದರೆ ಮತ್ತೆ ಸೇರಿಕೊಂಡರೆ ಆಯಿತಲ್ಲ?" ಊಟದ ನಡುವೆ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಬ್ರೆಕ್ಸಿಟ್, ಎಂದರೆ ಬ್ರಿಟನ್ ಒಕ್ಕೂಟ ಬಿಡುವುದು, ಬೇಡವೆಂದವರು ಹೆದರಿಸಿದ ರೀತಿಯಲ್ಲಿ ಬ್ರಿಟನ್ ಕೆಡಲಿಲ್ಲ. 2016ರ ಮೇ ತಿಂಗಳಲ್ಲಿ ಅಲ್ಲಿನ ಹಣಕಾಸು ಇಲಾಖೆ, ಹೊರಹೋಗುವ ಕಡೆಗೆ ಮತ ಬಿದ್ದರೆ ಕೂಡಲೇ ಆರ್ಥಿಕ ಹಿಂಜರಿತ ಬರುತ್ತದೆ, ನಿರುದ್ಯೋಗಿಗಳ ಸಂಖ್ಯೆ ಐದು ಲಕ್ಷದಷ್ಟು ಹೆಚ್ಚುತ್ತದೆ ಎಂದು ಎಚ್ಚರಿಸಿತ್ತು. ಜೂನ್ 23ರ ಜನಮತಗಣನೆಯಲ್ಲಿ ಶೇ 51.9 ಮಂದಿ ಹೊರಹೋಗುವುದಕ್ಕೇ ಮತ ಹಾಕಿದರು. ಎಣಿಕೆಯ ರಾತ್ರಿ ಪೌಂಡಿನ ಬೆಲೆ ಡಾಲರಿನ ಎದುರು 1985ರ ನಂತರದ ಅತಿ ಕೆಳಮಟ್ಟಕ್ಕೆ ಕುಸಿದದ್ದು ನಿಜ. ಆದರೆ ಹಿಂಜರಿತ ಬರಲಿಲ್ಲ, ನಿರುದ್ಯೋಗ ಏರುವ ಬದಲು ಇಳಿಯಿತು. ಹುಲಿ ಬಂತು ಹುಲಿ ಎಂದು ಕೂಗಿದವರ ಗತಿಯೇ ಅರ್ಥಶಾಸ್ತ್ರಜ್ಞರಿಗೂ ಆಯಿತು. ಅವರ ಮೊದಲ ಮಾತು ಸುಳ್ಳಾದ ಮೇಲೆ, ದೀರ್ಘಕಾಲದಲ್ಲಿ ನಷ್ಟವಾಗುತ್ತದೆ ಎಂಬ ಅವರ ಎರಡನೆಯ ಮಾತು ನಿಜವಾಗುತ್ತಾ ಬಂದರೂ ಕಿವಿಗೊಡುವವರಿರಲಿಲ್ಲ.

ನಷ್ಟ ನಿಜವಾಗಿ ಬಂದದ್ದು ಗೋಡೆಗೆ ತೇವ ಏರುವ ಹಾಗೆ. 2020ರ ಜನವರಿ 31ರಂದು ಬ್ರಿಟನ್ ಕಾಗದದ ಮೇಲೆ ಹೊರಬಂತು. ಸದಸ್ಯ ದೇಶಗಳ ನಡುವೆ ಒಂದೇ ನಿಯಮದಡಿ ವ್ಯಾಪಾರ ನಡೆಯುವ ಏಕ ಮಾರುಕಟ್ಟೆಯನ್ನೂ, ಒಳಗೆ ಸುಂಕವಿಲ್ಲದ ಕಸ್ಟಮ್ಸ್ ಒಕ್ಕೂಟವನ್ನೂ ಬಿಟ್ಟದ್ದು ಆ ವರ್ಷದ ಕೊನೆಯ ದಿನ. ಅದಾಗಿ ಕೆಲವೇ ದಿನಗಳಲ್ಲಿ, ನೆದರ್‌ಲೆಂಡ್ಸ್‌ನ ಬಂದರೊಂದರಲ್ಲಿ ಹಡಗಿನಿಂದ ಇಳಿದ ಬ್ರಿಟಿಷ್ ಲಾರಿಗಳ ಚಾಲಕರನ್ನು ಡಚ್ ಅಧಿಕಾರಿಗಳು ತಡೆದು, ಅವರು ಕಟ್ಟಿಕೊಂಡು ಬಂದ ಬುತ್ತಿಯನ್ನು ತಪಾಸಣೆ ಮಾಡಿದ ದೃಶ್ಯ ಟೀವಿಯಲ್ಲಿ ಬಂದಿತ್ತು. ಹಾಳೆಯಲ್ಲಿ ಸುತ್ತಿದ್ದ ಹ್ಯಾಮ್ ಸ್ಯಾಂಡ್‌ವಿಚ್. ಒಕ್ಕೂಟದ ಹೊರಗಿನವರು ಮಾಂಸವನ್ನು ಗಡಿ ದಾಟಿಸುವಂತಿಲ್ಲ. ಮಾಂಸ ತೆಗೆದು ಬ್ರೆಡ್ಡನ್ನಾದರೂ ಬಿಡಿ ಎಂದು ಒಬ್ಬ ಚಾಲಕ ಕೇಳಿದಾಗ, ಎಲ್ಲವನ್ನೂ ವಶಪಡಿಸಿಕೊಳ್ಳುತ್ತೇವೆ, ಬ್ರೆಕ್ಸಿಟ್‌ಗೆ ಸ್ವಾಗತ ಎಂದು ಅಧಿಕಾರಿ ನಗುತ್ತಲೇ ಹೇಳಿದ. ಜಗತ್ತೆಲ್ಲ ನಕ್ಕಿತು. ಆದರೆ ಆ ಬುತ್ತಿಗೆ ಆದದ್ದೇ ಲಾರಿಯೊಳಗಿನ ಸರಕಿಗೂ ಆಗುತ್ತಿತ್ತು. 2020ರ ಡಿಸೆಂಬರ್ 24ರಂದು ಕುದುರಿದ ವ್ಯಾಪಾರ ಒಪ್ಪಂದದಲ್ಲಿ ಸುಂಕ ಸೊನ್ನೆಯೇನೋ ಹೌದು. ಅದರ ಜಾಗದಲ್ಲಿ ಕಾಗದಪತ್ರ ಬಂದು ಕುಳಿತಿತು. ಚೀಸ್ ಕಳಿಸಬೇಕಾದರೂ ಪಶುವೈದ್ಯರ ಸಹಿಯುಳ್ಳ ಆರೋಗ್ಯ ಪ್ರಮಾಣಪತ್ರ ಬೇಕು, ಕಸ್ಟಮ್ಸ್ ಘೋಷಣೆ ಬೇಕು, ಸರಕು ಮೂಲತಃ ಎಲ್ಲಿಯದೆಂಬುದಕ್ಕೆ ಪುರಾವೆ ಬೇಕು. ದೊಡ್ಡ ಕಂಪನಿ ಇದಕ್ಕೆಂದೇ ನಾಲ್ಕು ಜನರನ್ನು ಇಟ್ಟುಕೊಳ್ಳುತ್ತದೆ. ವಾರಕ್ಕೆ ಹತ್ತು ಪೆಟ್ಟಿಗೆ ಕಳಿಸುತ್ತಿದ್ದ ಸಣ್ಣ ವ್ಯಾಪಾರಿ ಲೆಕ್ಕ ಹಾಕಿ ನೋಡಿ, ಸದ್ದಿಲ್ಲದೆ ಕಳಿಸುವುದನ್ನೇ ಬಿಡುತ್ತಾನೆ. ಅದು ಯಾವ ಪತ್ರಿಕೆಯ ಮುಖಪುಟದಲ್ಲೂ ಬರುವುದಿಲ್ಲ.

ಬ್ರಿಟಿಷ್ ಸರ್ಕಾರದ ಬಜೆಟ್ ಲೆಕ್ಕವನ್ನು ಸ್ವತಂತ್ರವಾಗಿ ಪರಿಶೀಲಿಸುವ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜಿನಂತೆ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದ ಮಟ್ಟಕ್ಕಿಂತ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ, ಆಮದು ರಫ್ತುಗಳು ಶೇ 15ರಷ್ಟು ತಗ್ಗುತ್ತವೆ. "ಉಳಿದಿದ್ದರೆ ಇರುತ್ತಿದ್ದ" ಎಂಬ ಮಾತಿನಲ್ಲಿಯೇ ಇಡೀ ತೊಡಕಿದೆ. ಜೇಬಿನಿಂದ ಹೋದ ದುಡ್ಡು ಗೊತ್ತಾಗುತ್ತದೆ, ಜೇಬಿಗೆ ಬಾರದೇ ಹೋದ ದುಡ್ಡನ್ನು ಯಾರು ಎಣಿಸುತ್ತಾರೆ? ಅದರ ಮೇಲೆ ಕೊರೊನಾ ಬಂತು, ಉಕ್ರೇನ್ ಯುದ್ಧ ಬಂದು ಗ್ಯಾಸ್ ಮತ್ತು ಕರೆಂಟಿನ ಬಿಲ್ ಏರಿತು. ಯಾವ ಪೆಟ್ಟು ಯಾವುದರಿಂದ ಬಿತ್ತೆಂದು ಬಿಡಿಸಿ ಹೇಳುವುದು ಪಂಡಿತರಿಗೇ ಕಷ್ಟವಾದಾಗ ಮತದಾರರ ಪಾಡೇನು?

ಬದಲಿಗೆ ಸಿಕ್ಕಿದ್ದೇನೂ ಇಲ್ಲವೇ ಎಂದರೆ, ಇದೆ. ಸ್ವಂತ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವ ಹಕ್ಕು ಬ್ರಿಟನ್ನಿಗೆ ಬಂತು. 2025ರ ಜುಲೈ 24ರಂದು ಭಾರತದೊಂದಿಗೆ ಸಹಿಯಾದ ಒಪ್ಪಂದ ಅದರ ಫಲ. ಅದರ ಪ್ರಕಾರ ಸ್ಕಾಚ್ ವಿಸ್ಕಿಯ ಮೇಲಿನ ನಮ್ಮ ಶೇ 150ರ ಸುಂಕ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. ನಮ್ಮ ಸಿದ್ಧ ಉಡುಪಿಗೆ ಬ್ರಿಟನ್ನಿನಲ್ಲಿ ಸುಂಕ ಹೋಗಬೇಕು, ಬೆಂಗಳೂರಿನ ಗಾರ್ಮೆಂಟ್ಸ್‌ನವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಅವರ ಸರ್ಕಾರದ್ದೇ ಅಂದಾಜಿನಂತೆ ಇದರಿಂದ ಬ್ರಿಟನ್ನಿಗೆ ಆಗುವ ಲಾಭ ದೀರ್ಘಾವಧಿಯಲ್ಲಿ ವರ್ಷಕ್ಕೆ 480 ಕೋಟಿ ಪೌಂಡ್, ಎಂದರೆ ಜಿಡಿಪಿಯ ಶೇ 0.1ರ ಆಸುಪಾಸು. ಇಂಥ ಹಲವು ಒಪ್ಪಂದಗಳನ್ನು ಒಂದರ ಮೇಲೊಂದು ಪೇರಿಸಿದರೂ ಆ ಶೇ 4ರ ಹಳ್ಳ ತುಂಬುವುದಿಲ್ಲ. ಪಕ್ಕದ ಮನೆಯವರೊಂದಿಗಿನ ವ್ಯಾಪಾರಕ್ಕೆ ಏಳು ಸಾವಿರ ಕಿಲೋಮೀಟರಿನಾಚೆಯ ವ್ಯಾಪಾರ ಸಮನಾಗುವುದು ಕಷ್ಟ.

ರಾಜಕೀಯದ ಕತೆ ಇದಕ್ಕಿಂತ ವಿಚಿತ್ರ. ಹೊರಬರಲು ಮತ ಹಾಕಿದವರಲ್ಲಿ ಬಹಳ ಜನರಿಗೆ ಇದ್ದ ದೊಡ್ಡ ದೂರು ವಲಸೆಯದು. ಒಕ್ಕೂಟದ ಪ್ರಜೆಗಳು ವೀಸಾ ಇಲ್ಲದೆ ಬಂದು ನೆಲೆಸಿ ದುಡಿಯಬಹುದಾಗಿದ್ದ ಮುಕ್ತ ಸಂಚಾರ 2020ರ ಕೊನೆಗೆ ನಿಂತುಹೋಯಿತು, ಅಂಕಗಳ ಆಧಾರದ ಹೊಸ ವೀಸಾ ಪದ್ಧತಿ ಬಂತು. ಪೋಲೆಂಡ್, ರುಮೇನಿಯಾಗಳಿಂದ ಬರುವವರು ಕಡಿಮೆಯಾಗಿ, ಭಾರತ, ನೈಜೀರಿಯಾಗಳಿಂದ ನರ್ಸುಗಳು, ವೃದ್ಧರ ಆರೈಕೆಯವರು, ವಿದ್ಯಾರ್ಥಿಗಳು ಹೋದರು. 2023ರ ಮಧ್ಯದ ಹೊತ್ತಿಗೆ ಒಂದು ವರ್ಷದ ನಿವ್ವಳ ವಲಸೆ 9 ಲಕ್ಷ ದಾಟಿತು. ಅದಕ್ಕೆ ಎದ್ದ ಕೋಪದ ಬಿಸಿ ತಟ್ಟಿದ್ದು ನಮ್ಮವರಿಗೇ. 2024ರಿಂದ ಹೆಚ್ಚಿನ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಪದವಿಯ ನಂತರ ಉಳಿದು ಕೆಲಸ ಹುಡುಕಲು ಇದ್ದ ಎರಡು ವರ್ಷಗಳ ಅವಧಿಯನ್ನು 18 ತಿಂಗಳಿಗೆ ಇಳಿಸಲು ನಿರ್ಧರಿಸಿದ್ದಾರೆ. ಮಗನನ್ನು ಕಳಿಸಬೇಕೆಂದಿರುವ ನೆಂಟರು ಒಕ್ಕೂಟದ ಚಿಂತೆ ಬಿಟ್ಟು ಈ ಸಾಲನ್ನು ಎರಡು ಸಲ ಓದುವುದು ಒಳ್ಳೆಯದು.

ನಾವು ಹೆಮ್ಮೆಯಿಂದ ಕರ್ನಾಟಕದ ಅಳಿಯ ಎಂದು ಕರೆದ ರಿಷಿ ಸುನಕ್ ಅವರ ಪ್ರಸಂಗವನ್ನೂ ಹೇಳಬೇಕು. ಅವರು 2016ರಲ್ಲಿ ಹೊರಹೋಗುವುದರ ಪರ ಇದ್ದವರು. ಐರ್‌ಲೆಂಡ್ ದ್ವೀಪದ ಉತ್ತರ ಭಾಗ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದು ಒಕ್ಕೂಟದ ಸದಸ್ಯ ದೇಶ; ಇವೆರಡರ ನಡುವೆ ಗಡಿಕಟ್ಟೆ ಏಳಬಾರದೆಂದು ಉತ್ತರ ಐರ್‌ಲೆಂಡನ್ನು ಸರಕಿನ ಮಟ್ಟಿಗೆ ಒಕ್ಕೂಟದ ನಿಯಮಗಳೊಳಗೇ ಇಡಬೇಕಾಯಿತು. ಇದರಿಂದ ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದಕ್ಕೆ ಸರಕು ಕಳಿಸಲೂ ತಪಾಸಣೆ ಬಂದು, ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಅಲ್ಲಿನ ಯೂನಿಯನಿಸ್ಟ್ ಪಕ್ಷ ಮುನಿಸಿಕೊಂಡು ಎರಡು ವರ್ಷ ಪ್ರಾಂತೀಯ ಸರ್ಕಾರವನ್ನೇ ನಡೆಯಗೊಡಲಿಲ್ಲ. ಈ ಗಂಟನ್ನು ಸಡಿಲಿಸಲು 2023ರ ಫೆಬ್ರುವರಿಯಲ್ಲಿ ಒಕ್ಕೂಟದೊಂದಿಗೆ ವಿಂಡ್ಸರ್ ಒಪ್ಪಂದ ಮಾಡಿಕೊಂಡ ಆಗಿನ ಪ್ರಧಾನಿ ಸುನಕ್, ಮರುದಿನ ಉತ್ತರ ಐರ್‌ಲೆಂಡಿನ ಲಿಸ್‌ಬರ್ನ್‌ನ ತಂಪು ಪಾನೀಯ ಕಾರ್ಖಾನೆಯಲ್ಲಿ ಕಾರ್ಮಿಕರ ನಡುವೆ ನಿಂತು, ಬ್ರಿಟನ್ ಮತ್ತು ಐರೋಪ್ಯ ಮಾರುಕಟ್ಟೆಗಳೆರಡಕ್ಕೂ ಪ್ರವೇಶವಿರುವ ಜಾಗ ಜಗತ್ತಿನಲ್ಲಿ ನಿಮ್ಮದೊಂದೇ ಎಂದು ಉತ್ಸಾಹದಿಂದ ಕೊಂಡಾಡಿದರು. ಆ ಭಾಗ್ಯ 2020ರವರೆಗೆ ಇಡೀ ಬ್ರಿಟನ್ನಿಗೆ ಇತ್ತಲ್ಲ ಎಂಬ ಮಾತು ಕೂಡಲೇ ಎದ್ದಿತು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊರಬಂದದ್ದು ತಪ್ಪು ಎನ್ನುವವರೇ ಈಗ ಅಲ್ಲಿನ ಸಮೀಕ್ಷೆಗಳಲ್ಲಿ ಹೆಚ್ಚು. ಆದರೆ ತಪ್ಪಾಯಿತು ಎನ್ನುವುದಕ್ಕೂ ತಿರುಗಿ ಹೋಗುತ್ತೇವೆ ಎನ್ನುವುದಕ್ಕೂ ಅಂತರವಿದೆ. ಬಿಟ್ಟುಬಂದ ಮನೆಯಲ್ಲಿ ಹಳೆಯ ಕೋಣೆ ಹಾಗೇ ಕಾದಿಲ್ಲ. ಪ್ರಧಾನಿ ಥ್ಯಾಚರ್ ಕಾಲದಲ್ಲಿ ಕುದುರಿಸಿದ್ದ, ಒಕ್ಕೂಟಕ್ಕೆ ಕೊಡುವ ವಂತಿಗೆಯ ರಿಯಾಯಿತಿ, ಯೂರೋ ನಾಣ್ಯದಿಂದ ಹೊರಗುಳಿಯುವ ವಿನಾಯಿತಿ ಎಲ್ಲವೂ ಹೋದವು. ಹೊಸದಾಗಿ ಸೇರಲು 27 ಸದಸ್ಯ ದೇಶಗಳೂ ಒಪ್ಪಬೇಕು, ಮುಕ್ತ ಸಂಚಾರಕ್ಕೆ ಮತ್ತೆ ಬಾಗಿಲು ತೆರೆಯಬೇಕು. 2019ರಲ್ಲಿ ಎರಡನೆಯ ಜನಮತಗಣನೆಗಾಗಿ ವಾದಿಸಿದ್ದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್, ಆ ವರ್ಷದ ಚುನಾವಣೆಯಲ್ಲಿ ಉತ್ತರ ಇಂಗ್ಲೆಂಡಿನ ಹಳೆಯ ಕಾರ್ಮಿಕ ಕ್ಷೇತ್ರಗಳು ತಮ್ಮ ಪಕ್ಷದ ಕೈತಪ್ಪಿದ್ದನ್ನು ಕಣ್ಣಾರೆ ಕಂಡವರು. 2024ರಲ್ಲಿ ಅವರು ಗೆದ್ದು ಪ್ರಧಾನಿಯಾದದ್ದು ಏಕ ಮಾರುಕಟ್ಟೆಗೆ, ಕಸ್ಟಮ್ಸ್ ಒಕ್ಕೂಟಕ್ಕೆ, ಮುಕ್ತ ಸಂಚಾರಕ್ಕೆ ಮರಳುವುದಿಲ್ಲ ಎಂದು ಪ್ರಣಾಳಿಕೆಯಲ್ಲೇ ಬರೆದುಕೊಟ್ಟು. ಬ್ರೆಕ್ಸಿಟ್‌ಗಾಗಿ ಹೋರಾಡಿದ ನೈಜಲ್ ಫರಾಜ್ ಅವರ ರಿಫಾರ್ಮ್ ಪಕ್ಷವೇ 2025ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದಿತು. ಒಕ್ಕೂಟದ ಕಡೆಯಿಂದ ನೋಡಿದರೂ, ಐದು ವರ್ಷಕ್ಕೊಮ್ಮೆ ಮನಸ್ಸು ಬದಲಿಸಬಹುದಾದ ದೇಶಕ್ಕಾಗಿ ಮತ್ತೆ ಹತ್ತು ವರ್ಷ ಮಾತುಕತೆಗೆ ಕೂರಲು ಯಾರಿಗೆ ಉತ್ಸಾಹವಿದ್ದೀತು?

ಹಾಗಾಗಿ ಈಗ ನಡೆದಿರುವುದು ಚೂರುಚೂರು ರಿಪೇರಿ. 2025ರ ಮೇ 19ರಂದು ಲಂಡನ್ನಿನಲ್ಲಿ ಎರಡೂ ಕಡೆಯವರು ಕುಳಿತು ಕೆಲವು ಹೊಂದಾಣಿಕೆಗಳಿಗೆ ಒಪ್ಪಿದರು. ಬ್ರಿಟನ್ನಿನ ನೀರಿನಲ್ಲಿ ಐರೋಪ್ಯ ದೋಣಿಗಳ ಮೀನುಗಾರಿಕೆ 2038ರವರೆಗೆ ಮುಂದುವರಿಯುತ್ತದೆ. ಅದೇ ಒಪ್ಪಂದದಲ್ಲಿ, ಆಹಾರ ಪದಾರ್ಥಗಳ ಗಡಿ ತಪಾಸಣೆಯನ್ನು ಬಹುಮಟ್ಟಿಗೆ ತೆಗೆದುಹಾಕುವ ವ್ಯವಸ್ಥೆಯೊಂದನ್ನು ರೂಪಿಸುವುದೆಂದು ತೀರ್ಮಾನವಾಯಿತು. ಅದು ಜಾರಿಯಾದರೆ ಚೀಸಿನ ಲಾರಿಗೆ ಪಶುವೈದ್ಯರ ಸಹಿ ಬೇಕಾಗುವುದಿಲ್ಲ. ಪ್ರತಿಯಾಗಿ ಆಹಾರ ಸುರಕ್ಷತೆಯ ವಿಷಯದಲ್ಲಿ ಒಕ್ಕೂಟ ಬದಲಿಸಿದ ನಿಯಮಗಳನ್ನು ಬಹುಮಟ್ಟಿಗೆ ಬ್ರಿಟನ್ ತಾನೂ ಬದಲಿಸಿಕೊಳ್ಳುತ್ತಾ ಹೋಗಬೇಕು. ಆ ನಿಯಮಗಳು ರೂಪುಗೊಳ್ಳುವಾಗ ತನ್ನ ಅಭಿಪ್ರಾಯ ಹೇಳಬಹುದು, ಮತ ಹಾಕುವಂತಿಲ್ಲ.